‘ನೆಕ್ಸ್ಟ್’ ಒತ್ತುವ ಮುಂಚೆ

ಬ್ರಾಡ್‌ಕಾಮ್ ಕಂಪನಿ ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ನಡೆಸುವ ತಂತ್ರಾಂಶ ತಯಾರಿಸುವ ವಿಎಂವೇರ್ ಅನ್ನು 2023ರ ನವೆಂಬರಿನಲ್ಲಿ ಕೊಂಡುಕೊಂಡಿತು. ಮರುತಿಂಗಳೇ ಅದರ ಕಾಯಂ ಲೈಸೆನ್ಸ್‌ಗಳ ಮಾರಾಟ ನಿಂತಿತು. 2024ರ ಫೆಬ್ರವರಿಯಲ್ಲಿ ಅದರ ಇಎಸ್‌ಎಕ್ಸ್‌ಐ ತಂತ್ರಾಂಶದ ಉಚಿತ ಆವೃತ್ತಿಗೂ ಕತ್ತರಿ ಬಿತ್ತು. ಮರುವರ್ಷ ಅದು ವಾಪಸು ಬಂತಾದರೂ ಅಷ್ಟರಲ್ಲಿ ಹಲವರು ಬೇರೆ ದಾರಿ ಹಿಡಿದಾಗಿತ್ತು. ಒಂದೇ ಯಂತ್ರದಲ್ಲಿ ನಾಲ್ಕಾರು ಸರ್ವರ್ ನಡೆಸುವ ಸಣ್ಣ ಕಚೇರಿಗಳು, ಹಳೇ ಪಿಸಿಯಲ್ಲಿ ಕಲಿಯುವ ಹುಡುಗರು ಹೆಚ್ಚಾಗಿ ಮೊರೆಹೋದದ್ದು ಪ್ರಾಕ್ಸ್‌ಮಾಕ್ಸ್ ವಿಇಗೆ. ವಿಯೆನ್ನಾದ ಕಂಪನಿಯೊಂದು 2008ರಲ್ಲಿ ಮೊದಲು ಹೊರತಂದ, ಡೆಬಿಯನ್ ಲಿನಕ್ಸ್ ಮೇಲೆ ನಿಂತ ಮುಕ್ತ ತಂತ್ರಾಂಶ ಇದು. ಹೊಸಬರ ಕೈಗೆ ಮೊದಲು ಸಿಗುವುದು ಅದರ ಅಧಿಕೃತ ಕೈಪಿಡಿಯ ಇನ್‌ಸ್ಟಾಲೇಷನ್ ಅಧ್ಯಾಯ. ಅದು ಅವರನ್ನು ದಡ ಮುಟ್ಟಿಸುತ್ತದೆಯೇ?

ಮೊದಲು ಗುಣ ಹೇಳಬೇಕು. ಈ ಅಧ್ಯಾಯಕ್ಕೆ ಬಣ್ಣದ ಮಾತು ಗೊತ್ತಿಲ್ಲ. ಆಯ್ದ ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ ಎಂದು ನೇರವಾಗಿ ಎಚ್ಚರಿಸುತ್ತದೆ. ಪೆನ್‌ಡ್ರೈವ್ ತಯಾರಿಸಲು ಯುನೆಟ್‌ಬೂಟಿನ್ ನಡೆಯುವುದಿಲ್ಲ, ರೂಫಸ್ ಬಳಸಿದರೆ ಡಿಡಿ ಮೋಡ್ ಆರಿಸಿ ಎನ್ನುತ್ತದೆ. ಬೂಟ್ ಆಗದ ಪೆನ್‌ಡ್ರೈವ್ ಹಿಡಿದು ಅರ್ಧ ದಿನ ಕಳೆಯುವುದನ್ನು ಇಂಥ ಒಂದು ಸಾಲು ತಪ್ಪಿಸುತ್ತದೆ. ಇನ್‌ಸ್ಟಾಲ್ ಆದ ಮೇಲೆ ಇಡೀ ಕೈಪಿಡಿ ಸರ್ವರ್‌ನಲ್ಲೇ ಇರುತ್ತದೆ. ಇಂಟರ್ನೆಟ್ ಕೈಕೊಟ್ಟಾಗಲೂ ‘ಹೆಲ್ಪ್’ ಗುಂಡಿ ಒತ್ತಿದರೆ ಪುಟ ತೆರೆದುಕೊಳ್ಳುತ್ತದೆ.

ತಕರಾರಿರುವುದು ಅದರ ದನಿಯ ಬಗ್ಗೆ. ಡಿಸ್ಕ್, ದೇಶ ಮತ್ತು ಟೈಮ್‌ಝೋನ್, ಪಾಸ್‌ವರ್ಡ್, ನೆಟ್‌ವರ್ಕ್ ಎಂಬ ಪರದೆಗಳನ್ನೆಲ್ಲ ಅದು ಒಂದೇ ಧಾಟಿಯಲ್ಲಿ ವಿವರಿಸಿ ಮುಂದೆ ಸಾಗುತ್ತದೆ. ಟೈಮ್‌ಝೋನ್ ತಪ್ಪಾದರೆ ನಾಳೆ ಬದಲಾಯಿಸಬಹುದು. ಡಿಸ್ಕ್ ಪರದೆಯಲ್ಲಿ ತಾನಾಗಿ ಬರುವ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಒಪ್ಪಿಕೊಂಡು, ಆಮೇಲೆ ಝಡ್‌ಎಫ್‌ಎಸ್ ಬೇಕಿತ್ತು ಅನ್ನಿಸಿದರೆ ಸಾಮಾನ್ಯವಾಗಿ ಎಲ್ಲವನ್ನೂ ಮತ್ತೆ ಮೊದಲಿಂದ ಮಾಡಬೇಕು. ಹಾರ್ಡ್‌ವೇರ್ ರೇಡ್ ಕಂಟ್ರೋಲರ್ ಜೊತೆ ಝಡ್‌ಎಫ್‌ಎಸ್ ಹೊಂದುವುದಿಲ್ಲ ಎಂಬ ಮಾತು ಅವಶ್ಯಕತೆಗಳ ಪಟ್ಟಿಯಲ್ಲಿ ಚುಟುಕಾಗಿ ಬಂದುಹೋಗುತ್ತದೆ. ಡಿಸ್ಕ್ ಆರಿಸುವ ಹೊತ್ತಿಗೆ ಅದು ಹೊಸಬರ ನೆನಪಿನಲ್ಲಿ ಉಳಿದಿರುವುದಿಲ್ಲ.

ಇನ್ನೂ ಸ್ಪಷ್ಟ ಉದಾಹರಣೆ ಹೋಸ್ಟ್‌ನೇಮ್. ನೆಟ್‌ವರ್ಕ್ ಪರದೆ ಅದನ್ನು ಐಪಿ ವಿಳಾಸದ ಜೊತೆಗೆ ಕೇಳುತ್ತದೆ. ಏನೋ ಒಂದು ಹೆಸರು ಟೈಪ್ ಮಾಡಿ ‘ನೆಕ್ಸ್ಟ್’ ಒತ್ತುತ್ತೇವೆ. ಮುಂದೊಂದು ದಿನ ಎರಡನೇ ಸರ್ವರ್ ಬಂದು ಕ್ಲಸ್ಟರ್ ಕಟ್ಟಿದ ಮೇಲೆ ಆ ಹೆಸರನ್ನಾಗಲೀ ಐಪಿಯನ್ನಾಗಲೀ ಬದಲಾಯಿಸಲಾಗದು ಎಂಬುದು ತಿಳಿಯುವುದು ಕ್ಲಸ್ಟರಿನ ಅಧ್ಯಾಯದಲ್ಲಿ. ಹೆಸರಿಡುವ ಗಳಿಗೆಯಲ್ಲಿ ಬೇಕಿದ್ದ ಬುದ್ಧಿಮಾತು ನಾಮಕರಣ ಮುಗಿದ ಮೇಲೆ ಸಿಕ್ಕಂತಾಯಿತು.

ಇನ್‌ಸ್ಟಾಲ್ ಮುಗಿದ ನಂತರದ ಕಥೆಯೂ ಹಾಗೇ. ಬ್ರೌಸರ್‌ನಲ್ಲಿ 8006ನೇ ಪೋರ್ಟ್ ತೆರೆದರೆ ಮೊದಲು ಸರ್ಟಿಫಿಕೇಟ್ ಎಚ್ಚರಿಕೆ, ಲಾಗಿನ್ ಆದ ಮೇಲೆ ಚಂದಾ ಇಲ್ಲ ಎಂಬ ಪೆಟ್ಟಿಗೆ. ಅಪ್‌ಡೇಟ್ ಮಾಡಹೊರಟರೆ 401 ಎಂಬ ದೋಷ. ಕೆಟ್ಟಿರುವುದು ಏನೂ ಇಲ್ಲ. ಚಂದಾದಾರರ ರೆಪೊಸಿಟರಿ ತಾನಾಗಿ ಚಾಲೂ ಇರುತ್ತದೆ, ಅಷ್ಟೇ. ಅದನ್ನು ನಿಲ್ಲಿಸಿ ಚಂದಾರಹಿತ ರೆಪೊಸಿಟರಿ ಸೇರಿಸುವ ಕ್ರಮ ಮುಂದಿನ ಅಧ್ಯಾಯದಲ್ಲಿದೆ. ತಾನು ಎಲ್ಲೋ ಎಡವಿದೆ ಎಂದು ಹೊಸಬ ಗಾಬರಿಯಾಗುವುದು ಈ ಎರಡು ಅಧ್ಯಾಯಗಳ ನಡುವೆ.

ಇದು ಆಕರಗ್ರಂಥ, ಪಠ್ಯಪುಸ್ತಕವಲ್ಲ ಎಂದು ಸಮರ್ಥಿಸಬಹುದು. ಒಪ್ಪೋಣ. ಅನುಭವಿ ಅಡ್ಮಿನ್‌ಗೆ ಈ ವಿಂಗಡಣೆಯೇ ಅನುಕೂಲ. ಬೇಕಾದದ್ದು ಬೇಕಾದ ಕಡೆ ಸಿಗುತ್ತದೆ. ಆದರೆ ಬೇಕಾದದ್ದು ಏನೆಂದೇ ಗೊತ್ತಿಲ್ಲದವರೂ ಇದೇ ಬಾಗಿಲಿಂದ ಒಳಬರುತ್ತಿದ್ದಾರೆ. ಇಂಥವರನ್ನು ಸೆಳೆಯಲು ಹುಟ್ಟಿಕೊಂಡ ‘ಹತ್ತೇ ನಿಮಿಷದಲ್ಲಿ ಸರ್ವರ್’ ಥರದ ವಿಡಿಯೊಗಳು ಎಚ್ಚರಿಕೆಗಳನ್ನೂ ಕಿತ್ತುಹಾಕಿ ಇನ್ನಷ್ಟು ಕೆಡಿಸುತ್ತವೆ. ಅವುಗಳಿಗೆ ಹೋಲಿಸಿದರೆ ಈ ಅಧ್ಯಾಯ ಎಷ್ಟೋ ಪ್ರಾಮಾಣಿಕ.

ಅದಕ್ಕೆ ಬೇಕಿರುವುದು ಹೊಸ ಮಾಹಿತಿಯೇನಲ್ಲ, ಶುರುವಿನಲ್ಲೇ ಒಂದು ಪುಟ. ಯಾವ ಡಿಸ್ಕ್ ಅಳಿಸಿದರೆ ಪರವಾಗಿಲ್ಲ, ಯಾವ ಫೈಲ್‌ಸಿಸ್ಟಮ್, ಕೊನೆತನಕ ಉಳಿಯಬೇಕಾದ ಹೆಸರು ಯಾವುದು, ಐಪಿ ಯಾವುದು: ಈ ನಾಲ್ಕಕ್ಕೆ ಉತ್ತರ ಬರೆದುಕೊಂಡೇ ಪೆನ್‌ಡ್ರೈವ್ ಚುಚ್ಚಿ ಎಂದರೆ ಸಾಕು. ಉಳಿದ ಪರದೆಗಳಲ್ಲಿ ಧೈರ್ಯವಾಗಿ ‘ನೆಕ್ಸ್ಟ್’ ಒತ್ತಬಹುದು.