ಹೇರು ಹೊತ್ತ ಕುದುರೆಗೂ ಒಂದು ಕಣ ಬೇಕು

ನಮ್ಮ ಬೆಳಗಾವಿ ಜಿಲ್ಲೆಯ ಜಾತ್ರೆಗಳಲ್ಲಿ ಖಿಲಾರಿ ಹೋರಿಗಳನ್ನು ಹಲ್ಲಿನ ಲೆಕ್ಕದಲ್ಲಿ ನಿಲ್ಲಿಸುತ್ತಾರೆ. ಹಾಲುಹಲ್ಲಿನವು ಒಂದು ಕಡೆ, ಎರಡು ಹಲ್ಲಿನವು ಇನ್ನೊಂದು ಕಡೆ, ನಾಲ್ಕು, ಆರು, ಆಮೇಲೆ ಬಾಯಿಗೂಡಿದವು. ಚಿಂಚಲಿ ಮಾಯಕ್ಕನ ಜಾತ್ರೆಗಾಗಲಿ ಕೊಕಟನೂರು ಯಲ್ಲಮ್ಮನ ಜಾತ್ರೆಗಾಗಲಿ ದನ ನೋಡಲು ಬಂದ ರೈತ ತೀರ್ಪುಗಾರನಿಗಾಗಿ ಕಾಯುವುದಿಲ್ಲ. ಕೊಂಬಿನ ಬಾಗು, ಗಂಗೆದೊಗಲು, ಗೊರಸು, ಸುಳಿ ಎಲ್ಲವನ್ನೂ ಒಂದು ಸುತ್ತು ಹಾಕುವುದರೊಳಗೆ ಅಳೆದು ಮುಗಿಸಿರುತ್ತಾನೆ. ಇಷ್ಟು ಪಳಗಿದ ಕಣ್ಣುಗಳಿರುವ ಜಿಲ್ಲೆಯಲ್ಲಿ ಒಂದು ಪ್ರಾಣಿಯನ್ನು ಮಾತ್ರ ಯಾರೂ ನಿಂತು ನೋಡುವುದಿಲ್ಲ. ಅದು ಕುರಿಗಾರರ ತಟ್ಟು. ಈ ವಾರದ ಅಂಕಣ ಅದರ ಪರವಾಗಿ.

ಬೆಳಗಾವಿ, ಖಾನಾಪುರದ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ರಾಯಬಾಗ, ಚಿಕ್ಕೋಡಿ, ಹುಕ್ಕೇರಿ ಕಡೆಯ ಕುರುಬರು ದಖನಿ ಕುರಿಗಳ ಹಿಂಡು ಹೊಡೆದುಕೊಂಡು ಬರುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಆ ಹೊಲಕ್ಕೆ ಬೇರೆ ಗೊಬ್ಬರ ಬೇಡ. ಅದಕ್ಕೆ ಪ್ರತಿಯಾಗಿ ರೈತ ಕಾಳು ಕೊಡುತ್ತಾನೆ, ಇಲ್ಲವೆ ದುಡ್ಡು ಕೊಡುತ್ತಾನೆ. ಮಳೆಗಾಲಕ್ಕೆ ಮೊದಲು ಹಿಂಡು ಬಯಲುಸೀಮೆಗೆ ಮರಳಲೇಬೇಕು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯ ಮಳೆಯಲ್ಲಿ ನಿಂತರೆ ಕುರಿಯ ಗೊರಸು ಕೊಳೆಯುತ್ತದೆ. ಹೀಗೆ ಹೋಗಿ ಬರುವ ಮನೆತನದ ಇಡೀ ಸಂಸಾರ ಕುದುರೆಯ ಬೆನ್ನಿನ ಮೇಲಿರುತ್ತದೆ: ಪಾತ್ರೆ, ಹಿಟ್ಟಿನ ಚೀಲ, ಕಂಬಳಿ, ಕುರಿ ಕೂಡುವ ಬಲೆ, ಮೊನ್ನೆ ಹುಟ್ಟಿದ ಮರಿಗಳು. ಎಲ್ಲಕ್ಕಿಂತ ಮೇಲೆ, ಹೇರನ್ನು ಗಟ್ಟಿಯಾಗಿ ಹಿಡಿದುಕೊಂಡ ಒಂದು ಕೂಸು.

ಮಚ್ಛೆ ದಾಟಿ ಖಾನಾಪುರದ ಕಡೆ ಹೋಗುವಾಗ ಇಂಥ ಹಿಂಡು ಸಿಕ್ಕರೆ ನಾನು ಗಾಡಿ ನಿಲ್ಲಿಸುತ್ತೇನೆ. ಕುರಿಯ ಹಿಂದೆ ಗಂಡಸರು ಹೋಗುತ್ತಾರೆ, ಕುದುರೆ ಹೆಂಗಸರ ಕೈಯಲ್ಲಿರುತ್ತದೆ. ಒಮ್ಮೆ ಒಬ್ಬ ಹಿರಿಯ ಹೆಣ್ಣುಮಗಳನ್ನು ಕೇಳಿದೆ: "ಯಕ್ಕಾ, ಕುದರಿ ತಗೊಳ್ಳಾಗ ಮದಲ ಏನ ನೋಡ್ತೀರಿ?" ಆಕೆ ಹೇರಿನ ಹಗ್ಗ ಬಿಗಿಯುತ್ತಲೇ ಹೇಳಿದಳು: "ಬೆನ್ನ ನೋಡ್ಬೇಕ್ರಿ ಅಣ್ಣಾ. ಬಾಯಿ ಆಮ್ಯಾಲ."

ಹೇರು ಹೊರುವ ಕುದುರೆಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಕುದುರೆಯ ಬೆನ್ನಿನ ಮೇಲೆ ಅಲ್ಲಲ್ಲಿ ಬಿಳಿ ಕೂದಲಿನ ಮಚ್ಚೆ ಕಂಡರೆ ಅದು ಹುಟ್ಟಿನ ಬಣ್ಣವಾಗಿರಲಿಕ್ಕಿಲ್ಲ. ಹೇರು ಉಜ್ಜಿ ಹುಣ್ಣಾಗಿ ಮಾಯ್ದ ಜಾಗದಲ್ಲಿ ಕೂದಲು ಬೆಳ್ಳಗೆ ಬರುತ್ತದೆ. ಕತ್ತು ಬೆನ್ನಿಗೆ ಸೇರುವ ಏರಿನ ಮೇಲೆ ಅಂಥ ಮಚ್ಚೆಗಳಿದ್ದರೆ ಯಜಮಾನ ಕಂಬಳಿ ಸರಿಯಾಗಿ ಮಡಚಿ ಹಾಕಿಲ್ಲ ಎಂದು ತಿಳಿಯಬೇಕು. ಬೆನ್ನು ತೀರ ಉದ್ದವಿರಬಾರದು. ಉದ್ದ ಬೆನ್ನು ನೋಡಲು ಚೆಂದ, ಭಾರಕ್ಕೆ ಬೇಗ ಕುಸಿಯುತ್ತದೆ. ಎದುರಿಗೆ ನಿಂತು ನೋಡಿದರೆ ಭುಜದ ತುದಿಯಿಂದ ಇಳಿಬಿಟ್ಟ ದಾರ ಮೊಣಕಾಲಿನ ನಡುವೆ ಹಾದು ಗೊರಸಿನ ನಡುವಿಗೆ ಬೀಳಬೇಕು. ಗೊರಸಿನ ಮೇಲಿನ ಗೆಣ್ಣಿನ ಹತ್ತಿರ ಹಗ್ಗದ ಗಾಯ ಇದೆಯೇ ನೋಡಬೇಕು. ಮೇಯಲು ಬಿಡುವಾಗ ಮುಂಗಾಲು ಕಟ್ಟುತ್ತಾರೆ, ಬಿಗಿ ಹೆಚ್ಚಾದರೆ ಅಲ್ಲಿ ಚರ್ಮ ಸುಲಿಯುತ್ತದೆ.

ಬಾಯಿ ನೋಡುವಾಗ ದನದ ತೀರ್ಪುಗಾರರು ಸ್ವಲ್ಪ ಹೊಸದಾಗಿ ಕಲಿಯಬೇಕಾದೀತು. ದನಕ್ಕೆ ಮೇಲಿನ ದವಡೆಯಲ್ಲಿ ಮುಂಬಲ್ಲಿಲ್ಲ, ಕೆಳಗಿನ 8 ಎಣಿಸಿದರೆ ಮುಗಿಯಿತು. ಕುದುರೆಗೆ ಮೇಲೆ 6, ಕೆಳಗೆ 6. ನಡುವಿನ ಜೋಡಿಯ ಹಾಲುಹಲ್ಲು ಎರಡೂವರೆ ವರ್ಷಕ್ಕೆ ಬೀಳುತ್ತದೆ, ಪಕ್ಕದವು ಮೂರೂವರೆಗೆ, ಮೂಲೆಯವು ನಾಲ್ಕೂವರೆಗೆ. ಐದಕ್ಕೆ ಬಾಯಿ ಕೂಡುತ್ತದೆ. ಅಲ್ಲಿಂದ ಮುಂದೆ ಹಲ್ಲಿನ ತಲೆಯ ಮೇಲಿನ ಕಪ್ಪು ಕುಳಿ ಎಷ್ಟು ಸವೆದಿದೆ ಎಂಬುದರ ಮೇಲೆ ವಯಸ್ಸು ಹೇಳುತ್ತಾರೆ. ಸುಳಿಯ ವಿಚಾರದಲ್ಲಿ ನನ್ನದು ಸ್ಪಷ್ಟ ಅಭಿಪ್ರಾಯ: ಕೊಳ್ಳುವವರು ಬೇಕಾದಷ್ಟು ನೋಡಲಿ, ತೀರ್ಪಿನಲ್ಲಿ ಅದಕ್ಕೆ ಒಂದು ಅಂಕವೂ ಬೇಡ.

ಬ್ರಿಟನ್ನಿನ ಕೃಷಿ ಮೇಳಗಳಲ್ಲಿ ಇಂಥ ಸಣ್ಣ ಕುದುರೆಗಳಿಗಾಗಿಯೇ ಪ್ರತ್ಯೇಕ ವಿಭಾಗಗಳಿವೆ. ಅಲ್ಲಿ ಎತ್ತರ 148 ಸೆಂಟಿಮೀಟರ್ ಮೀರದಿದ್ದರೆ ಪೋನಿ. ವೆಲ್ಷ್, ಡಾರ್ಟ್‌ಮೂರ್, ಫೆಲ್, ಶೆಟ್ಲೆಂಡ್ ಮುಂತಾದ ಗುಡ್ಡಗಾಡಿನ ತಳಿಗಳು ಜೂಲು ಕತ್ತರಿಸದೆ, ಬಾಲ ಹೆಣೆಯದೆ, ಹುಟ್ಟಿದ ಹಾಗೆಯೇ ಕಣಕ್ಕೆ ಬರಬೇಕೆಂಬುದು ಅಲ್ಲಿನ ರೂಢಿ. ಇವು ಅರಮನೆಯ ಕುದುರೆಗಳೇನಲ್ಲ. ಫೆಲ್ ತಳಿ ಉತ್ತರ ಇಂಗ್ಲೆಂಡಿನ ಗುಡ್ಡಗಳಲ್ಲಿ ಸರಕು ಹೊತ್ತದ್ದು. 1842ರ ಕಾಯ್ದೆ ಹೆಂಗಸರು ಮಕ್ಕಳನ್ನು ಗಣಿಯೊಳಗಿಂದ ಹೊರಗೆ ಕರೆತಂದ ಮೇಲೆ ಕಲ್ಲಿದ್ದಲು ಬಂಡಿ ಎಳೆದದ್ದು ಶೆಟ್ಲೆಂಡ್. ಕೂಲಿ ಮಾಡಿದ ಪ್ರಾಣಿಗಳಿಗೆ ಹೆಸರು ಬಂದದ್ದು ಅವುಗಳ ವಂಶಾವಳಿ ಬರೆದಿಟ್ಟು, ವರ್ಷ ವರ್ಷ ಕಣದಲ್ಲಿ ನಿಲ್ಲಿಸಿದ್ದರಿಂದ. ವೆಲ್ಷ್ ತಳಿಯ ಸಂಘ ಆರಂಭವಾದದ್ದು 1901ರಲ್ಲಿ. ಅಲ್ಲಿನ ವಿಭಾಗಗಳಲ್ಲಿ ನನಗೆ ತುಂಬ ಹಿಡಿಸುವುದು ಸಣ್ಣ ಮಗು ಸವಾರಿ ಮಾಡಿ, ದೊಡ್ಡವರು ಹಗ್ಗ ಹಿಡಿದು ನಡೆಸುವ ವಿಭಾಗ. ಪೋನಿಯ ಸಮಾಧಾನವೇ ಅಲ್ಲಿನ ಮುಖ್ಯ ಪರೀಕ್ಷೆ. ಲಾರಿಗಳು ಹಾರ್ನ್ ಹೊಡೆದು ನುಗ್ಗುವ ಖಾನಾಪುರ ರಸ್ತೆಯಲ್ಲಿ ಕೂಸನ್ನು ಹೊತ್ತು ಕಿವಿಯೂ ಅಲುಗಿಸದೆ ನಡೆಯುವ ನಮ್ಮ ತಟ್ಟು ಆ ಪರೀಕ್ಷೆಯನ್ನು ದಿನಾ ಪಾಸಾಗುತ್ತಿದೆ.

ಕುದುರೆಯನ್ನು ಕಣದಲ್ಲಿ ನಡೆಸಿ ನೋಡುವ ರಸಿಕತೆ ನಮಗೆ ಹೊರಗಿನಿಂದ ಬರಬೇಕಾಗಿಯೂ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಕುದುರೆಗಳ ವಾಹ್ಯಾಳಿಯನ್ನು, ಅಂದರೆ ಸವಾರಿಯ ಆಟವನ್ನು, ರಾಜವಿನೋದಗಳ ಸಾಲಿನಲ್ಲಿ ಸೇರಿಸಿ ವಿವರಿಸಿದ್ದಾನೆ. ಇವತ್ತಿಗೂ ಚಿಕ್ಕೋಡಿ ತಾಲೂಕಿನ ಅಂಕಲಿಯಿಂದ ಶಿತೋಳೆ ಸರಕಾರರ ಕುದುರೆಗಳು ಪ್ರತಿ ವರ್ಷ ಆಳಂದಿಗೆ ನಡೆದು ಹೋಗಿ ಜ್ಞಾನೇಶ್ವರರ ಪಾಲಖಿಯೊಡನೆ ಪಂಢರಪುರದ ದಾರಿ ಹಿಡಿಯುತ್ತವೆ. ದಾರಿಯಲ್ಲಿ ನಡೆಯುವ ರಿಂಗಣವೆಂಬ ಆಚರಣೆಯಲ್ಲಿ ಸವಾರನಿಲ್ಲದ ಕುದುರೆ ಓಡುವಾಗ ಅದರ ಕಾಲಡಿಯ ಮಣ್ಣನ್ನು ಹಣೆಗೆ ಹಚ್ಚಿಕೊಳ್ಳಲು ಜನ ಮುಗಿಬೀಳುತ್ತಾರೆ. ಗಾಡಿ ಶರ್ಯತ್ತಿನ ಕುದುರೆಗೂ ನಮ್ಮಲ್ಲಿ ಅಭಿಮಾನಿಗಳಿದ್ದಾರೆ. ದೇವರ ಕುದುರೆಗೆ ಭಕ್ತಿಯಿದೆ, ಓಡುವ ಕುದುರೆಗೆ ಶಿಳ್ಳೆಯಿದೆ, ನಡೆಯುವ ಕುದುರೆಗೆ ಏನೂ ಇಲ್ಲ.

2019ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ, ತಟ್ಟುಗಳ ಸಂಖ್ಯೆ ಸುಮಾರು 3.4 ಲಕ್ಷ. 2012ರಲ್ಲಿ ಅದು 6 ಲಕ್ಷಕ್ಕೂ ಮೇಲಿತ್ತು. ಏಳು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಕಾಣೆಯಾಯಿತು. ಇದರ ನಡುವೆ ಒಂದು ಒಳ್ಳೆಯ ಸುದ್ದಿಯೂ ಇದೆ. ಮಹಾರಾಷ್ಟ್ರದ ಕುರಿಗಾರರ ಜೊತೆ ಬಾಳಿದ ಭೀಮಥಡಿ ಕುದುರೆಗೆ ಈಚೆಗೆ ರಾಷ್ಟ್ರೀಯ ಮಟ್ಟದಲ್ಲಿ ಪ್ರತ್ಯೇಕ ತಳಿಯೆಂಬ ಮಾನ್ಯತೆ ಸಿಕ್ಕಿದೆ. ನಮ್ಮ ರಸ್ತೆಗಳಲ್ಲಿ ನಡೆಯುವ ತಟ್ಟುಗಳ ಮೈಕಟ್ಟು ನೋಡಿದರೆ ಅವೂ ಅದೇ ದಖನಿ ಕುಲದವು ಎಂದೇ ನನಗೆ ಅನಿಸುತ್ತದೆ. ಮುಧೋಳ ನಾಯಿಯ ಚಿತ್ರ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಈಗ ಅದರ ಹೆಸರು ದೇಶಕ್ಕೆಲ್ಲ ಗೊತ್ತು. ಆ ನಾಯಿಯನ್ನು ಸಾಕಿ ಉಳಿಸಿದವರಲ್ಲಿ ಕುರಿಗಾರರೂ ಇದ್ದಾರೆ. ಅವರದೇ ಕುದುರೆ ಹೆಸರಿಲ್ಲದೆ ಉಳಿದಿದೆ.

ಆದ್ದರಿಂದ ಜಾತ್ರಾ ಕಮಿಟಿಗಳಿಗೆ, ಪಶುಪಾಲನಾ ಇಲಾಖೆಗೆ, ಧಾರವಾಡದ ಕೃಷಿ ಮೇಳ ನಡೆಸುವವರಿಗೆ ನನ್ನ ಮನವಿ ಇದು. ಹೇರು ಕುದುರೆಗೆ ಒಂದು ವಿಭಾಗ ತೆರೆಯಿರಿ. ಹೋರಿಗೆ ಮಾಡುವಂತೆ ಕುಚ್ಚು, ಗೊಂಡೆ, ಗುಲಾಲಿನ ಸಿಂಗಾರಕ್ಕೆ ಅಂಕ ಕೊಡಬೇಡಿ. ಮೊದಲು ಬರಿಬೆನ್ನು ತೋರಿಸಲಿ. ಆಮೇಲೆ ಮನೆಯ ಹೆಂಗಸೊಬ್ಬಳೇ ಹೇರು ಕಟ್ಟಲಿ, ಕುದುರೆ ಅಲುಗದೆ ನಿಲ್ಲುತ್ತದೋ ನೋಡಿ. ಹೇರಿನೊಡನೆ ಕಣವನ್ನು ಒಂದು ಸುತ್ತು ನಡೆಸಿ, ಹೇರು ಒಂದು ಕಡೆ ವಾಲದೆ ಬಂದರೆ ಅಂಕ ಕೊಡಿ. ಕೊನೆಗೆ ಹೇರು ಇಳಿಸಿ ಬೆನ್ನನ್ನು ಇನ್ನೊಮ್ಮೆ ಕೈಯಿಂದ ಮುಟ್ಟಿ ನೋಡಿ. ಬಹುಮಾನ ಕುದುರೆಯನ್ನು ನಡೆಸುವ ಹೆಂಗಸಿನ ಕೈಗೇ ಹೋಗಲಿ. ಒಂದು ಎಚ್ಚರಿಕೆಯೂ ಬೇಕು. ಗ್ಲಾಂಡರ್ಸ್ ಎಂಬ ಕುದುರೆಯ ರೋಗ ಮನುಷ್ಯರಿಗೂ ಅಂಟುತ್ತದೆ. ರಕ್ತ ಪರೀಕ್ಷೆಯಿಲ್ಲದೆ ಕುದುರೆಗಳನ್ನು ಒಂದೆಡೆ ಸೇರಿಸಬಾರದು. ಆ ಪರೀಕ್ಷೆಯನ್ನು ಇಲಾಖೆ ಹಿಂಡು ಇಳಿದ ಹೊಲಕ್ಕೇ ಹೋಗಿ ಪುಕ್ಕಟೆ ಮಾಡಿಕೊಡಬೇಕು. ಕುರಿ ಬಿಟ್ಟು ತಾಲೂಕು ಆಸ್ಪತ್ರೆಗೆ ಬಾ ಎಂದರೆ ಯಾವ ಕುರುಬನೂ ಬರಲಾರ.

ಓದುಗರಿಗೆ ಒಂದು ಮಾತು. ಖಾನಾಪುರದ ರಸ್ತೆಯಲ್ಲಿ ಹಿಂಡು ಎದುರಾದರೆ ಹಾರ್ನ್ ಒತ್ತಬೇಡಿ. ಗಾಡಿ ಬದಿಗೆ ಹಾಕಿ, ಕೊನೆಯ ಕುದುರೆ ದಾಟುವವರೆಗೆ ನಿಂತು ನೋಡಿ.