ತಣ್ಣನೆಯವನೆಂಬ ಆರೋಪ

ರೋಮ್ ಸಾಮ್ರಾಜ್ಯದ ಪತನದ ಇತಿಹಾಸ ಬರೆದ ಇಂಗ್ಲೆಂಡಿನ ಎಡ್ವರ್ಡ್ ಗಿಬ್ಬನ್ ಹೃದಯವಿಲ್ಲದ ಪಂಡಿತ, ಅವನ ಆತ್ಮಕಥೆ ಬರೀ ಜಂಬ: ವಿದ್ಯಾರ್ಥಿ ದೆಸೆಯಿಂದ ಕೇಳುತ್ತ ಬಂದ ಈ ತೀರ್ಪು ಮೊನ್ನೆ ಗೋಷ್ಠಿಯೊಂದರಲ್ಲಿ ಮತ್ತೆ ಕಿವಿಗೆ ಬಿತ್ತು. ತಲೆದೂಗಿದವರಲ್ಲಿ ಎಷ್ಟು ಜನ ಆ ಪುಸ್ತಕ ತೆರೆದಿದ್ದರೋ. ನನಗೆ ಸುಮ್ಮನಿರಲಾಗುತ್ತಿಲ್ಲ.

ಈ ತೀರ್ಪಿಗೆ ಬಲ ಬಂದದ್ದು ದಾರ್ಶನಿಕ ರೂಸೋನಿಂದ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿದ್ದ ಗಿಬ್ಬನ್ 1757ರಲ್ಲಿ ಪಾದ್ರಿಯೊಬ್ಬನ ಮಗಳು ಸುಜಾನ್ ಕುರ್ಶೋಳನ್ನು ಪ್ರೀತಿಸಿದ. ಮರುವರ್ಷ ಇಂಗ್ಲೆಂಡಿಗೆ ಹೋದಾಗ ಅಪ್ಪ ಒಪ್ಪಲಿಲ್ಲ. ಅಪ್ಪನ ಹಣದಲ್ಲೇ ಬದುಕುತ್ತಿದ್ದ ಮಗ ಮಣಿದ. ರೂಸೋ 1763ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ ಗಿಬ್ಬನ್‌ನ ತಣ್ಣಗಿನ ಸ್ವಭಾವವನ್ನು ಹಳಿದ. ತನ್ನ ಐದೂ ಮಕ್ಕಳನ್ನು ಹುಟ್ಟಿದೊಡನೆ ಅನಾಥಾಲಯಕ್ಕೆ ಕೊಟ್ಟೆನೆಂದು ತಾನೇ ಬರೆದುಕೊಂಡವನಿಂದ ಹೃದಯದ ಪಾಠ ಕೇಳಲು ನಾನು ಸಿದ್ಧನಿಲ್ಲ.

ಆ ಪ್ರೇಮ ಮುರಿದದ್ದನ್ನು ಗಿಬ್ಬನ್ ಹೇಳುವುದು ಒಂದೇ ವಾಕ್ಯದಲ್ಲಿ: ಪ್ರೇಮಿಯಾಗಿ ನಿಟ್ಟುಸಿರಿಟ್ಟೆ, ಮಗನಾಗಿ ಮಣಿದೆ. ಪ್ರೇಮಿಗೊಂದು ಕ್ರಿಯಾಪದ, ಮಗನಿಗೊಂದು ಕ್ರಿಯಾಪದ, ಅಷ್ಟೇ. ತಕ್ಕಡಿಯ ಎರಡು ತಟ್ಟೆಯಂತೆ ತೂಗುವ ಆ ವಾಕ್ಯವನ್ನು ಜನ ಅವನ ತಣ್ಣಗಿನ ಮನಸ್ಸಿಗೆ ಸಾಕ್ಷಿಯಾಗಿ ಎತ್ತಿಹೇಳುತ್ತಾರೆ. ನನಗೆ ಅಲ್ಲಿ ಕೇಳಿಸುವುದು ಹಲ್ಲು ಕಚ್ಚಿ ಹಿಡಿದ ದುಃಖ. ಆ ಕಾಲದ ಇತಿಹಾಸಕಾರರ ಕ್ರಮವೇ ಅದು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1776ರಲ್ಲಿ ಸಾವನ್ನು ಎದುರಿಗಿಟ್ಟುಕೊಂಡು ತನ್ನ ಬದುಕನ್ನು ಕೆಲವೇ ಪುಟಗಳಲ್ಲಿ ಬರೆದು ಮುಗಿಸಿದ. ಅಲ್ಲಿಯೂ ಒಂದು ನರಳಿಕೆಯಿಲ್ಲ. ಆದರೆ ಹ್ಯೂಮ್‌ನದು ಕೊನೆಗೂ ವರದಿ. ಗಿಬ್ಬನ್ ತನ್ನ ಬದುಕನ್ನು ಆರು ಸಲ ಬರೆದ, ಆರನ್ನೂ ಅಂತಿಮವೆಂದು ಒಪ್ಪದೆ 1794ರಲ್ಲಿ ತೀರಿಕೊಂಡ. ಗೆಳೆಯ ಶೆಫೀಲ್ಡ್ ಪ್ರಭು ಅವನ್ನು ಕತ್ತರಿಸಿ ಜೋಡಿಸಿ 1796ರಲ್ಲಿ ಒಂದು ಪುಸ್ತಕ ಮಾಡಿದ. ಮನಸ್ಸು ಕದಡದವನು ಒಂದೇ ಬಾಲ್ಯಕ್ಕೆ ಆರು ಸಲ ಹಿಂದಿರುಗುತ್ತಾನೆಯೇ?

ಆ ಬಾಲ್ಯವಾದರೂ ಎಂಥದು! ಬೆನ್ನ ಹಿಂದೆ ಹುಟ್ಟಿದ ಆರು ಮಕ್ಕಳೂ ಹಸುಗೂಸುಗಳಾಗಿಯೇ ಹೋದವು. ಇವನೂ ಉಳಿಯುವುದು ಅನುಮಾನವೆಂದು ಅಪ್ಪ ತಮ್ಮಂದಿರಿಗೂ ಎಡ್ವರ್ಡ್ ಎಂದೇ ಹೆಸರಿಡುತ್ತಿದ್ದನಂತೆ. ಹತ್ತು ವರ್ಷ ತುಂಬುವ ಹೊತ್ತಿಗೆ ತಾಯಿಯೂ ಇಲ್ಲ. ಅಂಥವನು ಅದೃಷ್ಟದ ಲೆಕ್ಕ ಹಾಕುತ್ತ, ಗುಲಾಮನಾಗಿಯೋ ಬಡ ರೈತನಾಗಿಯೋ ಹುಟ್ಟಬಹುದಿತ್ತು, ಹಾಗಾಗಲಿಲ್ಲವಲ್ಲ ಎಂದರೆ ಅದು ಜಂಬವೇ? ಬದುಕಿ ಉಳಿದವನ ಬೆರಗು ಅದು.

ಅವನ ಪ್ರೀತಿ ಹುಡುಕುವವರು ಓದಿನ ಪುಟಗಳಿಗೆ ಹೋಗಬೇಕು. ತಾಯಿಯ ಅಕ್ಕ ಕ್ಯಾಥರೀನ್ ಪೋರ್ಟನ್ ರೋಗಿಷ್ಟ ಹುಡುಗನ ಹಾಸಿಗೆಯ ಪಕ್ಕ ಕೂತು ಪುಸ್ತಕದ ರುಚಿ ಹತ್ತಿಸಿದಳು. ಅವಳ ಮಾತು ಬಂದಲ್ಲೆಲ್ಲ ಗದ್ಯ ಮೆತ್ತಗಾಗುತ್ತದೆ. 1751ರಲ್ಲಿ ಯಾರದೋ ಮನೆಗೆ ಅಪ್ಪನೊಡನೆ ಹೋದ ಹುಡುಗನಿಗೆ ರೋಮನ್ ಇತಿಹಾಸದ ಒಂದು ಪುಸ್ತಕ ಸಿಕ್ಕಿತು. ಗಾಥರು ಡ್ಯಾನ್ಯೂಬ್ ನದಿ ದಾಟುತ್ತಿದ್ದಾರೆ, ಅಷ್ಟರಲ್ಲಿ ಊಟದ ಗಂಟೆ ಬಾರಿಸಿತು. ಆ ಗಂಟೆಯ ಮೇಲಿನ ಸಿಟ್ಟು ನಲವತ್ತು ವರ್ಷದ ಮೇಲೂ ಆರಿಲ್ಲ.

ಮಹತ್ವಾಕಾಂಕ್ಷೆಯನ್ನೂ ಅವನು ಮುಚ್ಚಿಡುವುದಿಲ್ಲ. ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಕೂತು ಒಮ್ಮೆಯೂ ಬಾಯಿ ಬಿಡಲಿಲ್ಲವೆಂದು ತಾನೇ ಒಪ್ಪುತ್ತಾನೆ. ಹೆಸರು ಬೇಕಿತ್ತೆಂದೂ ಒಪ್ಪುತ್ತಾನೆ.

ನನ್ನ ನಿಜವಾದ ಜಗಳ ನಮ್ಮ ಅಭಿರುಚಿಯ ಜೊತೆ. ಗಾಯ ಬಿಚ್ಚಿ ತೋರಿಸಿದರೆ ಮಾತ್ರ ಪ್ರಾಮಾಣಿಕ, ವಾಕ್ಯ ತಿದ್ದಿ ತೀಡಿದರೆ ಸುಳ್ಳು ಎಂಬ ನಂಬಿಕೆ ನಮ್ಮ ವಿಮರ್ಶೆಯಲ್ಲಿ ಬೇರೂರಿದೆ. ಮಗು ಕಳೆದುಕೊಂಡ ಬೇಂದ್ರೆ ಹೆಂಡತಿಯ ನೋಟ ತಾಳಲಾರದೆ ಬರೆದ ಕವಿತೆ ನಮ್ಮದೇ ಅಲ್ಲವೇ? ಅಲ್ಲಿ ಅಳು ತಡೆದು ನಿಂತಿದೆ, ಅದಕ್ಕೇ ನಮ್ಮನ್ನು ಅಳಿಸುತ್ತದೆ. ಆ ಕವಿತೆಗೆ ಕೊಟ್ಟ ಕಿವಿಯನ್ನು ಗಿಬ್ಬನ್‌ನ ಒಂದು ವಾಕ್ಯಕ್ಕೂ ಕೊಡಿ ಎಂದಷ್ಟೇ ಕೇಳುತ್ತೇನೆ.

ಸುಜಾನ್ 1764ರಲ್ಲಿ, ಮುಂದೆ ಫ್ರಾನ್ಸಿನ ಹಣಕಾಸು ಮಂತ್ರಿಯಾದ ನೆಕ್ಕರ್‌ನನ್ನು ಮದುವೆಯಾದಳು. ಗಿಬ್ಬನ್ ಮದುವೆಯಾಗಲೇ ಇಲ್ಲ. ಫ್ರಾನ್ಸಿನ ಅಧಿಕಾರ ಕಳೆದುಕೊಂಡು ಗಂಡ ಹೆಂಡತಿ ಸ್ವಿಟ್ಜರ್ಲೆಂಡಿನ ಕೊಪ್ಪೆಯಲ್ಲಿ ನೆಲೆಸಿದಾಗ, ಲೊಸಾನ್‌ನಿಂದ ಈ ಮುದಿಗೆಳೆಯ ಅವರ ಮನೆಗೆ ಹೋಗಿಬರುತ್ತಿದ್ದ. ಅವನು ಸತ್ತದ್ದು 1794ರ ಜನವರಿಯಲ್ಲಿ, ಅವಳು ಅದೇ ವರ್ಷದ ಮೇ ತಿಂಗಳಲ್ಲಿ.