ಟೇಲರ್ ಕಂಡ ಕಲ್ಲು, ಕಾಣದ ಕೈ

ಮುಧೋಳ ಅಂದಕೂಡಲೇ ಎಲ್ಲರಿಗೂ ಬಾಗಲಕೋಟೆ ಕಡೆಯ ಮುಧೋಳವೇ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಸೇಡಂ ತಾಲೂಕಿನ, ತೆಲಂಗಾಣದ ಗಡಿಗೆ ಹತ್ತಿರದ ಮುಧೋಳ. ಬೇಸಿಗೆಯಲ್ಲಿ ಮೊದಲ ಸಲ ಇತ್ತ ಬಂದವರು ಬಿರುಕು ಬಿಟ್ಟ ಎರೆಹೊಲ ನೋಡಿ ‘ಇಲ್ಲೇನೂ ಇಲ್ಲವಲ್ಲ’ ಅನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಫಿಲಿಪ್ ಮೆಡೋಸ್ ಟೇಲರ್ ನೆನಪಾಗುತ್ತಾನೆ. ನಮ್ಮ ಸೀಮೆಯಲ್ಲಿ ಏನೋ ಇದೆ ಎಂದು ಕಂಡು ಬರೆದ ಹೊಸಬ ಅವನು. ಏನು ಕಂಡ, ಏನು ಕಾಣಲಿಲ್ಲ ಎಂಬುದೇ ನನ್ನ ಪ್ರಶ್ನೆ.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿದ ಟೇಲರ್ ಹದಿಹರೆಯದಲ್ಲೇ ನಿಜಾಮನ ಸೈನ್ಯ ಸೇರಿದ. 1841ರಿಂದ 1853ರವರೆಗೆ ಭೀಮೆಯಾಚೆಯ ಸುರಪುರದಲ್ಲಿ ಆಡಳಿತ ನೋಡಿದ. ಅಲ್ಲಿನ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಈಗಲೂ ‘ಟೇಲರ್ ಮಂಜಿಲ್’. ಜನ ತನ್ನನ್ನು ‘ಮಹಾದೇವ ಬಾಬಾ’ ಎಂದು ಕರೆಯುತ್ತಿದ್ದರೆಂದು 1877ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಈ ನೆಲವನ್ನು ದ್ವೇಷಿಸಿದವನಲ್ಲ, ಪ್ರೀತಿಸಿದವನು. ಅದಕ್ಕೇ ಅವನನ್ನು ಓದುವುದು ಕಷ್ಟ. ದರ್ಪದ ದೊರೆಯಾಗಿದ್ದರೆ ಒಂದೇ ಮಾತಿನಲ್ಲಿ ತಳ್ಳಿಹಾಕಬಹುದಿತ್ತು.

ಇಲ್ಲಿ ಆಸ್ಟ್ರೇಲಿಯಾದ ಒಂದು ಪುಸ್ತಕ ನನಗೆ ನೆರವಾಯಿತು. ಇತಿಹಾಸಕಾರ ಬಿಲ್ ಗ್ಯಾಮೇಜ್ 2011ರಲ್ಲಿ ‘ದಿ ಬಿಗ್ಗೆಸ್ಟ್ ಎಸ್ಟೇಟ್ ಆನ್ ಅರ್ಥ್’ ಬರೆದ. 1788ರ ನಂತರ ಅಲ್ಲಿಗೆ ಬಂದ ಇಂಗ್ಲಿಷರು ಹುಲ್ಲುಗಾವಲು, ನಡುನಡುವೆ ಮರ ಕಂಡು ‘ನಮ್ಮೂರ ಶ್ರೀಮಂತರ ಪಾರ್ಕಿನಂತಿದೆ’ ಎಂದು ಬೆರಗಾದರು. ಅದು ಪ್ರಕೃತಿಯ ಕೊಡುಗೆ ಎಂದುಕೊಂಡರು. ಗ್ಯಾಮೇಜ್ ವಾದ ಬೇರೆ: ಮೂಲನಿವಾಸಿಗಳು ಹದವರಿತು ಬೆಂಕಿಯಿಟ್ಟು, ತಲೆಮಾರುಗಳಿಂದ ರೂಪಿಸಿದ ನೆಲ ಅದು. ಹೊಸಬರಿಗೆ ಕಂಡಿದ್ದು ತವರಿನ ಹೋಲಿಕೆ. ಮಾಡಿದ ಕೈ ಕಾಣಲಿಲ್ಲ.

ಟೇಲರ್‌ಗೆ ಈ ಮಾತು ಪೂರಾ ಹೊಂದುವುದಿಲ್ಲ. ಸುರಪುರ ಯಾರೂ ಇಲ್ಲದ ನೆಲ ಎಂದು ಹೇಳುವ ಹಾಗೇ ಇರಲಿಲ್ಲ. ಅಲ್ಲಿ ದೊರೆಗಳಿದ್ದರು, ಕೋಟೆಯಿತ್ತು, ಕಂದಾಯದ ಲೆಕ್ಕವಿತ್ತು. ಆದರೂ ರಾಜನಕೋಳೂರಿನ ಕಲ್ಮನೆಗಳ ಮುಂದೆ ಅವನು ನಿಂತಿದ್ದನ್ನು ನೋಡಿ. ನಾಲ್ಕು ಬದಿ ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಬೃಹತ್ ಶಿಲಾಯುಗದ ಸಮಾಧಿಗಳವು. ಜೇವರ್ಗಿಯ ಕಲ್ಗುಪ್ಪೆಗಳನ್ನು ಅಗೆಸಿ, ಪದರಪದರವಾಗಿ ಚಿತ್ರ ಬರೆದ. ಆ ಕಾಲಕ್ಕೆ ಅಷ್ಟು ಶಿಸ್ತು ಅಪರೂಪ. ಪುರಾತತ್ವ ಬಲ್ಲವರು ಇಂದಿಗೂ ಅವನನ್ನು ನೆನೆಯುತ್ತಾರೆ. ಆದರೆ 1860ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಗೆ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ದಖ್ಖನ್ನಿನ ಈ ಕಲ್ಲುಗಳು ‘ಕೆಲ್ಟಿಕ್, ಡ್ರೂಯಿಡಿಕಲ್ ಅಥವಾ ಸಿಥಿಯನ್’ ಆಗಿಬಿಟ್ಟವು. ಕುಳ್ಳ ಮೋರೇರು ಕಟ್ಟಿಕೊಂಡ ಮನಿ ಎಂಬ ಇಲ್ಲಿನವರ ಕಥೆಯೂ ಅವನ ಕಿವಿಗೆ ಬಿದ್ದಿತ್ತು, ಬರೆದೂ ಇಟ್ಟ. ಶೀರ್ಷಿಕೆಯಲ್ಲಿ ಮಾತ್ರ ಅದಕ್ಕೆ ಜಾಗ ಸಿಗಲಿಲ್ಲ.

ಬೋನಾಳ ಕೆರೆಯದೂ ಇಂಥದೇ ಕಥೆ, ಆದರೆ ಅಲ್ಲಿ ತಪ್ಪು ನಮ್ಮದು. 17ನೇ ಶತಮಾನದಲ್ಲಿ ಸುರಪುರದ ಪಾಮನಾಯಕ ಕಟ್ಟಿಸಿದ ಆ ಕೆರೆಯನ್ನು ಟೇಲರ್ ಸುಧಾರಿಸಿದ. ಈಗ ಅದು ಪಕ್ಷಿಧಾಮ. ಪ್ರವಾಸಿಗರಿಗೆ ಹೇಳುವಾಗ ‘ಟೇಲರ್ ಸಾಹೇಬನ ಕೆರೆ’ ಎಂದು ಹೆಮ್ಮೆಪಡುವವರನ್ನು ಕಂಡಿದ್ದೇನೆ. ಪಾಮನಾಯಕನ ಹೆಸರು ಆಮೇಲೆ. ಮಣ್ಣು ಹೊತ್ತವರ ಸುದ್ದಿ ಎರಡೂ ಕಥೆಗಳಲ್ಲಿಲ್ಲ.

ಕಾದಂಬರಿಕಾರನಾಗಿ ಟೇಲರ್ ಹೆಚ್ಚು ಪ್ರಾಮಾಣಿಕ ಎಂದು ನನಗನ್ನಿಸುತ್ತದೆ. ಅವನು ತೀರಿಕೊಂಡ ಮೇಲೆ 1878ರಲ್ಲಿ ಬಂದ, ಚಾಂದಬೀಬಿಯ ಕಥೆ ಹೇಳುವ ‘ಎ ನೋಬಲ್ ಕ್ವೀನ್’ ಜಲದುರ್ಗದ ಬಳಿ, ಛಾಯಾ ಭಗವತಿಯ ಹತ್ತಿರ ಧುಮ್ಮಿಕ್ಕುವ ಕೃಷ್ಣೆಯಿಂದ ಆರಂಭವಾಗುತ್ತದೆ. ಅಲ್ಲಿ ಹೊಳೆಗೆ ಇಲ್ಲಿಯದೇ ಹೆಸರಿದೆ, ಇಲ್ಲಿಯದೇ ದೇವಿಯಿದ್ದಾಳೆ, ದಡದಲ್ಲಿ ಬೇಡರಿದ್ದಾರೆ. ತವರಿನ ಹೋಲಿಕೆಯ ಹಂಗು ಕಡಿಮೆ. ಇಂದು ಮೇಲುಗಡೆ ನಾರಾಯಣಪುರದ ಅಣೆಕಟ್ಟು ಇದೆ. ಗೇಟು ಎತ್ತಿದಾಗ ಮಾತ್ರ ಟೇಲರ್ ಬರೆದ ಆ ಅಬ್ಬರ ಕೇಳುತ್ತದೆ.

ಟೇಲರ್ ಭಾರತ ಬಿಟ್ಟಿದ್ದು 1860ರಲ್ಲಿ. ಮುಂಬೈ ಕಡೆಯಿಂದ ಶಹಾಬಾದ್, ವಾಡಿ ಹಾದು ರಾಯಚೂರಿಗೆ ಹೋಗುವ ರೈಲು ದಾರಿ ಮುಗಿದದ್ದು 1871ರಲ್ಲಿ. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ನಿಜಾಮನ ರೈಲು ಬಂತು. ಟೇಲರ್ ಕಲ್ಲಿನ ಚಿತ್ರ ಬರೆದ, ರೈಲಿನವರು ತೂಕ ಹಾಕಿದರು. ಶಹಾಬಾದಿನ ಫರ್ಶಿ ದೂರದೂರದ ಮನೆಗಳ ನೆಲವಾಯಿತು. ಮುಂದೆ ಶಹಾಬಾದ್, ವಾಡಿ, ಮಳಖೇಡ ಎಲ್ಲ ಕಡೆ ಸಿಮೆಂಟಿನ ಚಿಮಣಿ ಎದ್ದವು. ಮಳಖೇಡ ಎಂದರೆ ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡನಾಡಿನ ಗಡಿ ಹೇಳುವಾಗ ಎರಡು ನದಿಗಳ ಜೊತೆ ಅಲ್ಲಿನ ಜನರ ಮಾತಿನ ಜಾಣ್ಮೆಯನ್ನೂ ಲೆಕ್ಕಕ್ಕೆ ಹಿಡಿದ ‘ಕವಿರಾಜಮಾರ್ಗ’ ಆ ಆಸ್ಥಾನದ ಕೃತಿ. ನೆಲದ ವರ್ಣನೆಯಲ್ಲಿ ಜನರನ್ನು ಬಿಡದ ಆ ಕಣ್ಣು ಇದೇ ಕಾಗಿಣಾ ದಂಡೆಯದು ಎಂಬುದು ನಮಗೇ ಮರೆತಿದೆ.

ಹೋದ ಮಳೆಗಾಲ ಹೈದರಾಬಾದಿನ ಗೆಳೆಯನೊಬ್ಬ ಬಂದಿದ್ದ. ಶಹಾಬಾದ್ ದಾರಿಯಲ್ಲಿ ಗಾಡಿ ನಿಲ್ಲಿಸಿ, ‘ಎಷ್ಟು ಚೆಂದದ ಕೆರಿ ಅದ ನೋಡಪಾ’ ಅಂದ. ನೀರು ಹಸಿರಾಗಿ ಹೊಳೆಯುತ್ತಿತ್ತು, ದಂಡೆ ಮೆಟ್ಟಿಲು ಕಡಿದಂತೆ ನೆಟ್ಟಗಿತ್ತು. ‘ಕೆರಿ ಅಲ್ಲೋ, ಹಳೇ ಖಣಿ’ ಅಂದೆ. ಅವನು ಆಗಲೇ ಫೋಟೋ ತೆಗೆಯುತ್ತಿದ್ದ.